ಆಯಿಯ ಜೋಗುಳಕ್ಕೆ ಮುದ್ದೇಬಿಹಾಳದ ಮಷಿನ್ನು

ನಮ್ಮ ಧರೆಪ್ಪ ಕಾಕಾ ಹುಟ್ಟಿದಾಗ ಅಳಲಿಲ್ಲವಂತೆ. ಸೂಲಗಿತ್ತಿ ಗಾಬರಿಯಾಗಿ ಎರಡೂ ಕಾಲು ಹಿಡಿದು ತಲೆಕೆಳಗೆ ಮಾಡಿ, ಬೆನ್ನಿಗೊಂದು ಬಿಟ್ಟು, "ಏನೊ, ಬದಕ್ತಿ ಏನೊ?" ಅಂತ ಕೇಳಿದಾಗ "ಹೂಂ" ಅಂದನಂತೆ. ಇದನ್ನು ನನಗೆ ಹೇಳಿದವಳು ಅವನನ್ನು ಹೆತ್ತವಳೇ, ನಮ್ಮ ಆಯಿ ಸಾವಿತ್ರವ್ವ. ಆಯಿಯ ಕಥೆಗಳಲ್ಲಿ ಮಾತಾಡುವ ಕುಂಬಳಕಾಯಿ, ಮುನಿಸಿಕೊಂಡು ತವರಿಗೆ ಹೋಗುವ ಚಂದ್ರ, ಒಂದೇ ಗುಟುಕಿಗೆ ಭೀಮಾ ನದಿ ಕುಡಿದು ಬಾಯಿ ಒರೆಸಿಕೊಳ್ಳುವ ರಾಕ್ಷಸ ಎಲ್ಲರೂ ಇದ್ದರು. ಅವರನ್ನೆಲ್ಲ ನಂಬಿ ಬೆಳೆದ ನಾನು ಇದೊಂದನ್ನು ನಂಬದೆ ಇರಲು ಕಾರಣವಿರಲಿಲ್ಲ. ಕಾಕಾ ಯಾರಿಗಾದರೂ 'ಇಲ್ಲ' ಅಂದದ್ದನ್ನು ನಮ್ಮೂರು ಕನ್ನೊಳ್ಳಿಯಲ್ಲಿ ಯಾರೂ ಕೇಳಿದ್ದಿಲ್ಲ.

ಕಾಕಾ ನಮ್ಮ ಪಂಚಾಯತಿಯ ವಾಟರ್‌ಮನ್. ಮೇಲಿನ ಓಣಿಯವರು "ಇವತ್ತ ಮೊದಲ ನಮಗ ನೀರು ಬಿಡ್ತಿಯಲ್ಲ?" ಅಂದರೆ "ಹೌದ್ರಿ" ಅನ್ನುವನು. ಕೆಳಗಿನ ಓಣಿಯವರು ಅದನ್ನೇ ಕೇಳಿದರೆ ಅವರಿಗೂ "ಹೌದ್ರಿ". ಆಮೇಲೆ ನೀರಿನ ಟಾಕಿಯ ಬುಡದಲ್ಲಿ ಕೂತು, ಎರಡು ವಾಲ್ವುಗಳ ನಡುವೆ, ಇಬ್ಬರು ಹೆಂಡಿರನ್ನು ಕಟ್ಟಿಕೊಂಡವನ ಮುಖ ಮಾಡಿಕೊಂಡು ಇರುವನು.

ಈಗ ಆಯಿಯ ಜೋಗುಳದ ಮಾತು ಹೇಳಬೇಕು. ಅದು ತಿಳಿಯದಿದ್ದರೆ ಕಾಕಾ ಯಾಕೆ ಹಾಳಾದ ಅನ್ನುವುದು ತಿಳಿಯುವುದಿಲ್ಲ. ನಮ್ಮ ಓಣಿಯಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಆಯಿಯೇ ಹಾಡಬೇಕು. ಒಂದು ಕೂಸಿಗೆ ಹಾಡಿದ ಜೋಗುಳವನ್ನು ಇನ್ನೊಂದಕ್ಕೆ ಹಾಡುತ್ತಿರಲಿಲ್ಲ. "ಒಬ್ಬರ ಅಂಗಿ ಒಬ್ಬರಿಗೆ ತೊಡಸ್ತಾರೇನ?" ಅನ್ನುವಳು. ಆ ಮನೆಯ ಅಜ್ಜ, ಅಮ್ಮ, ಎಮ್ಮೆ, ಬಾಗಿಲು, ಬೇವಿನಗಿಡ ಎಲ್ಲವನ್ನೂ ಪೋಣಿಸಿ ಆ ಕೂಸಿಗಂತಲೇ ಹೊಸದೊಂದನ್ನು ಕಟ್ಟುವಳು. ಕಾಕಾನ ಮಗಳು ವಿಜಯಶ್ರೀ ಬಸುರಿಯಾಗಿ ಗಂಡನ ಊರು ತಂಗಡಗಿಯಲ್ಲಿದ್ದಾಗ ಆಯಿ ಹಾಸಿಗೆ ಹಿಡಿದಳು. ತೊಟ್ಟಿಲ ಕಾರ್ಯದವರೆಗೆ ತಾನು ಇರುವುದಿಲ್ಲ ಅಂತ ಅವಳಿಗೇ ಗೊತ್ತಾಗಿ, ಒಂದು ಮಧ್ಯಾಹ್ನ ಕಾಕಾನನ್ನು ಕರೆದು, ಅವನ ಗುಂಡಿಯ ಫೋನಿನಲ್ಲಿ ಜೋಗುಳ ತುಂಬಿಸಿದಳು. ಒಳಗೆ ಅವರಿಬ್ಬರೇ ಇದ್ದರು. ಹಾಡಿನಲ್ಲಿ ಕಾಕಾನ ಕಿವಿಗೆ ಏನು ಬಿತ್ತು ಅಂದರೆ ಏನೂ ಬೀಳಲಿಲ್ಲ. ಫೋನಿನ ಕೆಂಪು ಚುಕ್ಕೆ ಆರುತ್ತದೋ ಅಂತ ಅದನ್ನೇ ನೋಡುತ್ತ ಕೂತಿದ್ದ. ಆ ವಾರವೇ ಆಯಿ ಹೋದಳು.

ಹೀಗಾಗಿ ಆ ಜೋಗುಳ ಇದ್ದದ್ದು ಜಗತ್ತಿನಲ್ಲಿ ಒಂದೇ ಕಡೆ, ಕಾಕಾನ ಅಂಗಿಯ ಜೇಬಿನಲ್ಲಿ.

ಅದನ್ನು ಇನ್ನೊಂದು ಫೋನಿಗೆ ಹಾಕಿಡೋಣ ಅಂತ ನಾನೂ ಹೇಳಿದೆ, ಅಳಿಯ ಪ್ರೇಮಕುಮಾರನೂ ಹೇಳಿದ. ಅವನು ಹೈಸ್ಕೂಲಿನ ಮಾಸ್ತರ. ಕಾಕಾ ಇಬ್ಬರಿಗೂ "ಹೂಂ" ಅಂದ, ಕೊಡಲಿಲ್ಲ. "ಒಂದು ಕೊಡದಿಂದ ಇನ್ನೊಂದು ಕೊಡಕ್ಕ ನೀರು ಸುರವಿದ್ರ ಚೂರರ ಚೆಲ್ಲತೈತಿ, ಪ್ರಜ್ಞಿ. ಮೂವತ್ತು ವರ್ಷ ನೀರು ಬಿಟ್ಟೇನಿ, ನನಗ ಗೊತ್ತಿಲ್ಲೇನು?" ಅಂತ ನನಗೆ ಹೇಳಿದ. ಹಚ್ಚಿ ಕೇಳಿಸು ಅಂದರೆ ಮೊದಲ ಎರಡು ಸಾಲು ಕೇಳಿಸಿ ಟಕ್ಕನೆ ನಿಲ್ಲಿಸುವನು. ಕೇಳಿದಷ್ಟೂ ಸವೆಯುತ್ತದೆ ಅಂತ ಅವನ ನಂಬಿಕೆ. ಆ ಎರಡು ಸಾಲು ಮಾತ್ರ ನಮಗೆಲ್ಲ ಬಾಯಿಪಾಠವಾಗಿತ್ತು:

ಜೋ ಜೋ ಜೋಳದ ತೆನಿಯವ್ವ, ಕಣ್ಣ ಮುಚ್ಚ,
ನಿನ್ನಜ್ಜ ನೀರ ಬಿಡಾಕ ಹೋಗ್ಯಾನ, ಬರೂತನಕ…

ಬರೂತನಕ ಏನು ಅನ್ನುವುದನ್ನು ತೊಟ್ಟಿಲ ದಿನವೇ ಕೇಳಬೇಕು. ಹೆತ್ತು, ಕೂಸು ಹೊತ್ತು ತವರಿಗೆ ಬಂದ ವಿಜಯಶ್ರೀ ಅಪ್ಪನ ಹತ್ತಿರ ಬೇಡಿದ್ದು ಇಷ್ಟೇ. "ಬೆಳ್ಳಿ ಬ್ಯಾಡ, ಬಂಗಾರ ಬ್ಯಾಡ. ತೊಟ್ಲಕ್ಕ ಹಾಕೂ ಮುಂದ ಆಯಿ ಹಾಡು ಅದರ ಕಿವಿಗೆ ಬಿದ್ರ ಸಾಕಪ್ಪಾ. ಫೋನು ತೊಟ್ಲದ ಬಾಜೂಕ ಇಟ್ಟರ ಆತು."

"ಹೂನವ್ವ," ಅಂದ ಕಾಕಾ.

ಅಷ್ಟಕ್ಕೇ ನಿಂತಿದ್ದರೆ ಇದು ಕಥೆಯೇ ಆಗುತ್ತಿರಲಿಲ್ಲ. ಮರುದಿನ ಬೀಗರು ಬಸಂತರಾಯರು ತಂಗಡಗಿಯಿಂದ ಫೋನ್ ಮಾಡಿದರು. ಪ್ರೇಮಕುಮಾರನ ತಂದೆ. ಕೃಷ್ಣಾ ನದಿಯ ದಂಡೆಯ ಮನುಷ್ಯರು. ಈ ದಂಡೆಯಿಂದ ಆ ದಂಡೆಗೆ ಮಾತಾಡಿ ರೂಢಿ.

"ಧರೆಪ್ಪಾ! ನಮ್ಮ ಕಡಿಯಿಂದ ಎರಡು ಟೆಂಪೊ ಮಂದಿ ಬರ್ತೇವಿ! ನಿಮ್ಮವ್ವನ ಹಾಡು ಐತೆಂತಲ್ಲ? ಎಲ್ಲಾರಿಗೂ ಕೇಳೂವಂಗ ಹಚ್ತೀರಿಲ್ಲೋ? ಮದಿವ್ಯಾಗ ನಿಮ್ಮ ಮೈಕು ಕೊಂಯ್ ಅಂದಿದ್ದು ಬಿಟ್ರ ಏನೂ ಕೇಳಿಲ್ರೀಪಾ ನಮಗ! ಈ ಸಲ ಊರಿಗೆಲ್ಲಾ ಕೇಳಬೇಕು!"

"ಹೌದ್ರಿ," ಅಂದ ಕಾಕಾ.

ಮೊದಲು ಮನೆಯಲ್ಲೇ ಇದ್ದ ಹಳೆಯ ಸಣ್ಣ ಆಂಪ್ಲಿಫೈಯರ್ ಧೂಳು ಒರೆಸಿ ಹಚ್ಚಿದೆವು. ಫೋನಿನ ಪಿನ್ನು ಅದರ ಬೆನ್ನಿಗೆ ಚುಚ್ಚಿದ ಕೂಡಲೇ ಆಯಿ ನಡುಮನೆಯಲ್ಲೇ ಬಂದು ಕೂತಂತೆ "ಜೋ ಜೋ" ಅಂದಳು. ಕಾಕಿಯ ಕೈಯಿಂದ ಲಟ್ಟಣಿಗೆ ಬಿತ್ತು. ವಿಜಯಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ಅಂಗಳ ದಾಟಿ ದನಿ ಹೋಗಲಿಲ್ಲ. ಎರಡು ಟೆಂಪೊ ಮಂದಿ ಅಂಗಳದಲ್ಲಿ ಹಿಡಿಯುತ್ತಾರೆಯೇ?

"ಟಾಕಿ ಸಣ್ಣದೈತಿ, ನೀರು ಕಡಿಮಿ ಬರಾಕತ್ತೈತಿ. ಟಾಕಿ ದೊಡ್ಡದು ತರೂನು," ಅಂದ ಕಾಕಾ. ಕಾಕಾನ ಭೌತಶಾಸ್ತ್ರವೆಲ್ಲ ಒಂದೇ ಟಾಕಿಯೊಳಗೆ ಇತ್ತು.

ಇಂಡಿಗೆ ಹೋದ. ಅಲ್ಲಿ ಯಾರೋ ಭಜನಾ ಮಂಡಳಿಯವರು ಮಾರಿದ್ದ ಒಂದು ಮಧ್ಯಮ ಗಾತ್ರದ ಮಷಿನ್ನನ್ನು, "ಇದ ಒಯ್ತೀರೇನ್ರಿ?" ಅಂದವನಿಗೆ "ಹೌದ್ರಿ" ಅಂದು, ಬಸ್ಸಿನ ಸೀಟಿನ ಮೇಲೆ ಕೂರಿಸಿ, ತಾನು ನಿಂತುಕೊಂಡು ತಂದ. ಮನೆಮಂದಿಯೆಲ್ಲ ಕಿವಿ ಮುಚ್ಚಿಕೊಂಡು ನಿಂತೆವು. ಕಾಕಾ ಫೋನು ಹಚ್ಚಿದ.

ಕಿವಿ ಮುಚ್ಚುವ ಕೆಲಸವೇನಿರಲಿಲ್ಲ. ಆಯಿಯ ದನಿ ಮೊದಲಿಗಿಂತ ಸಣ್ಣದಾಗಿತ್ತು. ನಡುಮನೆಯಲ್ಲಿ ಕೂತಿದ್ದವಳು ಎದ್ದು ಹಿತ್ತಲಿಗೆ ಹೋಗಿ ಹಾಡಿದ ಹಾಗೆ. ಕಾಕಾ ಗುಂಡಿಯನ್ನು ಕೊನೆಯವರೆಗೆ ತಿರುವಿದ. ಹಿತ್ತಲಿಂದ ಪಡಸಾಲೆಗೆ ಬಂದಳು, ಅಷ್ಟೇ.

ಇಷ್ಟು ಹೊತ್ತಿಗೆ ಸುದ್ದಿ ಎದುರುಮನೆಯ ಮರೆವ್ವನಿಗೆ ತಲುಪಿತ್ತು. ಮರೆವ್ವ ಆಯಿಯ ಗೆಳತಿ, ಎಂಬತ್ತರ ಹತ್ತಿರದವಳು, ಸತ್ತವರ ವಿಷಯದಲ್ಲಿ ಓಣಿಗೆಲ್ಲ ಅವಳ ಮಾತೇ ಕೊನೆಯದು. ಮಷಿನ್ನಿನ ಸುತ್ತ ಒಮ್ಮೆ ಬಂದು, ಅದರ ದೀಪವನ್ನು ದಿಟ್ಟಿಸಿ, ತೀರ್ಪು ಕೊಟ್ಟಳು.

"ಸಾವಿತ್ರಿ ನಾಚ್ಕೋತಾಳೊ, ಧರೆಪ್ಪಾ."

"ಏನು?"

"ದೊಡ್ಡ ಮಂದಿ ಮುಂದ ಆಕಿ ಎಂದರ ದನಿ ತಗದಾಳೇನ? ತಹಶೀಲ್ದಾರ ಬಂದ್ರ ಸೆರಗು ಎಳಕೊಂಡು ಬಾಗಲ ಹಿಂದ ನಿಂದರ್ತಿದ್ಲು. ಸಣ್ಣ ಡಬ್ಬಿ ಇದ್ದಾಗ ಬಾಯ್ಬಿಟ್ಟು ಹಾಡಿದ್ಲು. ನೀ ದೊಡ್ಡ ಡಬ್ಬಿ ತಂದಿ, ಆಕಿ ಒಂದು ಹೆಜ್ಜಿ ಹಿಂದ ಸರದ್ಲು."

"ಅಂಥಾದ್ದೆಲ್ಲಾ ನಾವು ನಂಬೂದಿಲ್ಲ ಮರೆವ್ವಾಯಿ," ಅಂದೆ ನಾನು, ಗೋಡೆಯ ಮೇಲಿನ ಬುದ್ಧನ ಫೋಟೊ ನೋಡುತ್ತ. ಕಾಕಾ ನನಗೂ "ಹೂಂ" ಅಂದ, ಮರೆವ್ವನಿಗೂ "ಹೂಂ" ಅಂದ. ಎರಡು ಓಣಿಗೂ ಒಂದೇ ಸಲ ನೀರು ಬಿಟ್ಟ.

ಸಂಜೆ ಬೀಗರ ಫೋನು. "ಮಷಿನ್ ತಂದ್ರೆಂತಲ್ಲ! ಎಷ್ಟು ವಾಟ್ಸಿಂದು? ಅಯ್ಯ, ಅಷ್ಟೇನ? ಅದು ಸತ್ಯನಾರಾಯಣ ಪೂಜಿಗೆ ಆಗತೈತಿ! ಮುದ್ದೇಬಿಹಾಳದಾಗ ನಮ್ಮ ಪರಿಚಯದಾವ ಒಬ್ಬ ಅದಾನ, ಡಿಜೆ ಮಷಿನ್ ಇಟ್ಟಾನ! ಎರಡು ಸಾವಿರ ವಾಟ್! ಹಚ್ಚಿದ್ರ ಎಮ್ಮಿ ಹಾಲು ಬಿಡಂಗಿಲ್ಲ! ಕಳಸಲೇನ್ರಿ?"

"ಹೌದ್ರಿ."

ಅದು ಬಂತು. ನಾಲ್ಕು ಜನ ಹೊತ್ತು ಇಳಿಸಿದರು. ಮುಂದೆ ಹಸಿರು ಕೆಂಪು ದೀಪಗಳು, ಹಿಂದೆ ಎರಡು ಫ್ಯಾನು, ಜೊತೆಗೆ ನಮ್ಮ ಬಾಗಿಲಿಗಿಂತ ಎತ್ತರದ ಸ್ಪೀಕರ್ ಬಾಕ್ಸುಗಳು. ಬಾಕ್ಸು ಒಳಗೆ ಹಿಡಿಸದೆ, ಮನೆಯ ಮುಂದೆ ಆಚೆಗೊಂದು ಈಚೆಗೊಂದು ದ್ವಾರಪಾಲಕರ ಹಾಗೆ ನಿಂತವು. ಕಾಕಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಸ್ವಿಚ್ ಹಾಕಿದ. "ಹೂಂಂಂ" ಅಂತ ಶುರುವಾಯಿತು. ಕಾಕಾನ ಮುಖ ಅರಳಿತು. ಇಡೀ ಜೀವನದಲ್ಲಿ ತನ್ನ ಭಾಷೆ ಆಡುವವರು ಮೊದಲ ಸಲ ಸಿಕ್ಕಂತೆ. ಆಮೇಲೆ ಫೋನು ಹಚ್ಚಿದ.

ಹೂಂಕಾರದ ಬಹಳ ಹಿಂದೆ, ಸೀಮೆಯಾಚೆಯ ಹೊಲದಲ್ಲಿ ಯಾರೋ ಹಾಡುತ್ತಿದ್ದಾರೋ ಇಲ್ಲವೋ ಅನ್ನುವಷ್ಟು ಸಣ್ಣಗೆ, ಆಯಿ.

ವಿಜಯಶ್ರೀ ಬಾಕ್ಸಿಗೆ ಕಿವಿ ಹಚ್ಚಿ ನಿಂತಳು. "ಅಪ್ಪಾ, ಆಯಿ ಹೊಂಟಾಳಪ್ಪಾ. ದೂರ ದೂರ ಹೊಂಟಾಳ," ಅಂದಳು. ಈ ಸಲ ನಾನು ಬುದ್ಧನ ಫೋಟೊ ನೋಡಲಿಲ್ಲ.

ಮರೆವ್ವನಿಗೆ ಈಗ ಪೂರ್ಣ ಅಧಿಕಾರ ಬಂತು. ಸಾವಿತ್ರಿಯ ಅಂಜಿಕೆ ಬಿಡಿಸಬೇಕು, ಮಷಿನ್ನು ಅವಳಿಗೆ ಮನೆಯಂತೆ ಕಾಣಬೇಕು ಅಂದಳು. ಟ್ರಂಕಿನಿಂದ ಆಯಿಯ ಇಳಕಲ್ ಸೀರೆ ತೆಗೆದು ಮಷಿನ್ನಿಗೆ ಹೊದಿಸಿದರು. ಮೇಲೆ ಎಲೆ, ಅಡಿಕೆ, ಆಯಿಯ ಸುಣ್ಣದ ಡಬ್ಬಿ. ಕಾಕಾ ಎದುರು ಕೂತು, "ಅವ್ವಾ, ಅಂಜಬ್ಯಾಡ. ಇದು ಮುದ್ದೇಬಿಹಾಳದ್ದು. ಬೀಗರ ಪರಿಚಯದವರದು," ಅಂತ ಪರಿಚಯ ಮಾಡಿಕೊಟ್ಟ. ಮಷಿನ್ನು ಸೀರೆಯೊಳಗೆ ಬಿಸಿಯಾಗಿ ಸುಟ್ಟ ವಾಸನೆ ಬರತೊಡಗಿತು.

ಆ ಹೊತ್ತಿಗೇ ಪಂಚಾಯತಿಯ ಪಿಡಿಓ ಜಾಸ್ಮಿನ ಮೇಡಂ ಸ್ಕೂಟಿಯಿಂದ ಇಳಿದರು.

"ಧರೆಪ್ಪ, ಮೇಲಿನ ಓಣಿಗೆ ನಿನ್ನೆಯಿಂದ ನೀರು ಬಂದಿಲ್ಲ."

"ಹೌದ್ರಿ ಮೇಡಂ."

"ಕೆಳಗಿನ ಓಣಿಗೆ ನಿನ್ನೆಯಿಂದ ನೀರು ನಿಂತಿಲ್ಲ. ರಸ್ತಾದಾಗ ಬಾತುಕೋಳಿ ಈಜಾಡಾಕತ್ತಾವು."

"ಹೌದ್ರಿ ಮೇಡಂ."

"ಎಲ್ಲಾದಕ್ಕೂ ಹೌದು ಅಂದ್ರ ನಾ ಏನು ಮೇಲಿನವರಿಗೆ ಬರೀಲಿ?" ಅನ್ನುತ್ತ ಮೇಡಂ ಒಳಗೆ ಇಣುಕಿದರು. ಸೀರೆ ಉಟ್ಟು, ತಲೆಯ ಮೇಲೆ ಎಲೆಯಡಿಕೆ ಇಟ್ಟುಕೊಂಡು, ಮೆಲ್ಲಗೆ ಹೊಗೆ ಬಿಡುತ್ತ ಕೂತಿದ್ದ ಆಕೃತಿಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. "ಇದೇನ್ರಿ ಇದು?"

"ನಮ್ಮವ್ವ ಅದಾಳ್ರಿ ಅದರಾಗ," ಅಂದ ಕಾಕಾ.

ಮೇಡಂ ಹೆಲ್ಮೆಟ್ ಮತ್ತೆ ತಲೆಗೆ ಹಾಕಿಕೊಂಡರು. ನಂತರ ಬಹಳ ಮೃದುವಾಗಿ, "ಎರಡು ದಿನ ರಜಾ ತಗೋ, ಧರೆಪ್ಪ," ಅಂದು ಸ್ಕೂಟಿಯನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋದರು.

ನಾನು ಕಾಕಾನನ್ನು ಸಿಂದಗಿಗೆ ಎಳೆದುಕೊಂಡು ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಇಜಾಜನ ಸೌಂಡ್ ಅಂಗಡಿ. ಇಜಾಜ ಮಾತುಗಾರ, ರಿಪೇರಿ ಹತ್ತು ನಿಮಿಷವಾದರೆ ಭಾಷಣ ಒಂದು ಗಂಟೆ. ನಮ್ಮ ಗೋಳು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದ: "ಕಾಕಾ, ಮಷಿನ್ ದೊಡ್ಡದಾದಷ್ಟೂ ಅದರ ಹಸಿವೀನೂ ದೊಡ್ಡದು. ನಿಮ್ಮ ಸಣ್ಣ ಡಬ್ಬಿಗೆ ಒಳಗ ಒಂದೀಟು ವೋಲ್ಟೇಜ್ ಬಂದ್ರ ಸಾಕು, ಪೂರಾ ಬಾಯಿ ತಗೀತೈತಿ. ಇಂಡಿಯಿಂದ ತಂದದ್ದು ಮುಕ್ಕಾಲು ವೋಲ್ಟ್ ಕೇಳತೈತಿ. ಈ ಡಿಜೆ ಮಷಿನ್ ಒಂದೂವರಿ ವೋಲ್ಟ್ ಬರೂತನಕ ಕಣ್ಣು ತಗಿಯಂಗಿಲ್ಲ. ನಿಮ್ಮ ಫೋನು ಕೊಡೂದ ಕಾಲು ವೋಲ್ಟ್. ಅದರಾಗ ಆಯಿ ಮೆತ್ತಗ ಹಾಡ್ಯಾಳ. ಎಲ್ಲಿಂದ ಬರಬೇಕ್ರಿ ದನಿ?"

ನನಗೆ ಕೂಡಲೇ ತಿಳಿಯಿತು. ಆಯಿಯ ಕಥೆಯ ರಾಕ್ಷಸ ಇದು. ಬಂಡಿ ಅನ್ನ ಇಟ್ಟರೆ ಎದ್ದು ಗುಡ್ಡ ಎತ್ತುತ್ತಾನೆ. ಗುಬ್ಬಿ ಒಂದು ಅಗುಳು ತಂದರೆ ರೆಪ್ಪೆಯನ್ನೂ ಎತ್ತುವುದಿಲ್ಲ. ಆದರೆ ಕಾಕಾ ಇನ್ನೊಂದು ದಾರಿ ಹಿಡಿದಿದ್ದ.

"ಬರೇ ಒಂದೂವರಿ ವೋಲ್ಟ್ ಸಲುವಾಗಿ ಇಷ್ಟು ಒದ್ದಾಟೇನೋ? ಮನ್ಯಾಗ ಗ್ವಾಡಿಯೊಳಗ ಎರಡುನೂರಾ ಮೂವತ್ತು ಐತಲ್ಲ!"

ಇಜಾಜ ಸ್ಟೂಲಿನಿಂದ ಎದ್ದುಬಿಟ್ಟ. "ಯಾ ಅಲ್ಲಾ! ಕಾಕಾ, ಆ ಪಿನ್ನು ಗ್ವಾಡಿಗೆ ಚುಚ್ಚಬ್ಯಾಡ್ರಿ!"

"ಹೂಂ."

"ಹೂಂ ಅನಬ್ಯಾಡ್ರಿ. 'ಚುಚ್ಚಂಗಿಲ್ಲ' ಅನ್ರಿ."

"ಹೌದ್ರಿ."

ಇಜಾಜ ನನ್ನ ಕಡೆ ತಿರುಗಿದ. "ಅಕ್ಕಾ, ನೀವರ ಪಿನ್ನು ಇಟ್ಕೋರಿ." ಆಮೇಲೆ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ಕೊಟ್ಟ. ಬೂಸ್ಟರ್. ಫೋನಿಗೂ ಮಷಿನ್ನಿಗೂ ನಡುವೆ ಕೂತು, ಸಣ್ಣ ದನಿಯನ್ನು ಮಷಿನ್ನಿನ ಹಸಿವಿಗೆ ತಕ್ಕಷ್ಟು ಮಾಡಿ ಕೊಡುತ್ತದೆ. ಅದರ ಗುಂಡಿಯ ಪಕ್ಕ ಉಗುರಿನ ಬಣ್ಣದಿಂದ ಕೆಂಪು ಗೆರೆ ಎಳೆದ. "ಇಲ್ಲಿಗೇ ಇಡ್ರಿ. ಇದಕ್ಕಿಂತ ಹೆಚ್ಚು ಒಳಗ ತುರುಕಿದ್ರ ಮಷಿನ್ನಿಗೆ ನುಂಗಾಕ ಆಗಂಗಿಲ್ಲ. ದನಿ ಹರದು ಚೂರಾಗತೈತಿ. ಹಾಡು ಹೋಗಿ ಚೀರಾಟ ಬರತೈತಿ. ತಿಳೀತ?"

"ತಿಳೀತ್ರಿ," ಅಂದೆ ನಾನು. "ಹೂಂ," ಅಂದ ಕಾಕಾ.

ಮನೆಗೆ ಬಂದು, ಸೀರೆ ತೆಗೆದು, ನಾನೇ ಬೂಸ್ಟರ್ ಹಚ್ಚಿ ಕೆಂಪು ಗೆರೆಗೆ ಗುಂಡಿ ಇಟ್ಟೆ.

ಆಯಿ ತಿರುಗಿ ಬಂದಳು. ಸೀಮೆಯಾಚೆಯ ಹೊಲದಿಂದ, ಒಂದೇ ಹೆಜ್ಜೆಗೆ, ಬಾಗಿಲಿಗೆ. "ಜೋ ಜೋ ಜೋಳದ ತೆನಿಯವ್ವ, ಕಣ್ಣ ಮುಚ್ಚ." ಒಡಕಿಲ್ಲ, ಬಿರುಕಿಲ್ಲ, ಓಣಿಯ ಆ ತುದಿಯ ಬೇವಿನಗಿಡದ ಕೆಳಗಿದ್ದವರೂ ಎದ್ದು ನಿಂತರು. ರೊಟ್ಟಿ ಬಡಿಯುವ ಸದ್ದು ಮನೆಮನೆಯಲ್ಲಿ ನಿಂತಿತು. ಮರೆವ್ವ ಹೊಸ್ತಿಲ ಮೇಲೆ ಕುಸಿದು ಕೂತು, "ಬಂದಿಯೇನ ಸಾವಿತ್ರಿ," ಅಂದಳು. "ನಿನ್ನಜ್ಜ ನೀರ ಬಿಡಾಕ ಹೋಗ್ಯಾನ, ಬರೂತನಕ…" ಅನ್ನುವಷ್ಟರಲ್ಲಿ ಕಾಕಾ ಟಕ್ಕನೆ ನಿಲ್ಲಿಸಿದ. ಸವೆಯಬಾರದಲ್ಲ. ವಿಜಯಶ್ರೀ ಅಳುತ್ತ ನಗುತ್ತ, "ನಾಳೆ ಪೂರಾ ಕೇಳೂನಪ್ಪಾ," ಅಂದಳು.

ನನ್ನ ಬದುಕಿನಲ್ಲಿ ಯಾವುದಾದರೂ ಒಂದು ಗಳಿಗೆಯನ್ನು ಮೊಳೆ ಹೊಡೆದು ನಿಲ್ಲಿಸಬಹುದಾಗಿದ್ದರೆ ಅದು ಆ ಗಳಿಗೆ. ಮೊಳೆ ಇರಲಿಲ್ಲ, ಬಸಂತರಾಯರ ಫೋನಿತ್ತು.

"ಚಲೋ ಕೇಳಸ್ತೈತೇನ್ರಿ? ಬೂಸ್ಟರ್ ಎಷ್ಟು ಹಚ್ಚೀರಿ? ಒಂದೇನ? ಅಯ್ಯ ಧರೆಪ್ಪಾ, ನಮ್ಮೂರಾಗ ಕೂಸಿನ ಜಾವಳಕ್ಕ ಎರಡು ಹಚ್ತಾರ! ಎರಡು ಟೆಂಪೊ ಮಂದಿಗೆ ಒಂದ ಬೂಸ್ಟರೇನ್ರಿ? ಟೆಂಪೊಕ್ಕ ಒಂದು ಬ್ಯಾಡೇನ್ರಿ?"

"ಹೌದ್ರಿ," ಅಂದ ಕಾಕಾ.

ಅದು ನನಗೆ ಗೊತ್ತಾಗಲಿಲ್ಲ. ಕಾಕಾ ಸುಮ್ಮನೆ ಬಸ್ ಹತ್ತಿ ಬಸವನ ಬಾಗೇವಾಡಿಗೆ ಹೋಗಿ ಇನ್ನೊಂದು ಬೂಸ್ಟರ್ ತಂದ. ಇಜಾಜನ ಹತ್ತಿರ ಹೋದರೆ ಅವನು 'ಇಲ್ಲ' ಅನ್ನಿಸುತ್ತಾನೆ ಅಂತ ಅಂಜಿಕೆ. ತೊಟ್ಟಿಲ ದಿನ ಬೆಳಿಗ್ಗೆ ನಾನು ಬಾಳೆಎಲೆ ಒರೆಸುತ್ತಿದ್ದಾಗ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ, ಎರಡರ ಗುಂಡಿಯನ್ನೂ ಕೊನೆಯವರೆಗೆ ತಿರುವಿ, ಮೇಲೆ ಹೂವು ಹಾಕಿ ಮುಚ್ಚಿದ.

ಎರಡು ಟೆಂಪೊ ಬಂದವು. ಬಸಂತರಾಯರು ಇಳಿಯುವ ಮೊದಲೇ ಅವರ ದನಿ ಇಳಿಯಿತು. ಬುದ್ಧವಂದನೆ ಹೇಳಿದೆವು. ತೊಟ್ಟಿಲಿಗೆ ಹೂಮಾಲೆ. ಕೂಸಿನ ಸೋದರತ್ತೆ, ಪ್ರೇಮಕುಮಾರನ ಅಕ್ಕ, ಕಿವಿಯಲ್ಲಿ 'ಕುರ್ರ್' ಅಂದು ಹೆಸರು ಹೇಳಲು ತಯಾರಾಗಿ ನಿಂತಿದ್ದಳು. ರೂಢಿಯಂತೆ ಅವಳ ಬೆನ್ನಿಗೆ ಗುದ್ದಲು ಓಣಿಯ ಹೆಂಗಸರೆಲ್ಲ ಮುಷ್ಟಿ ಹದ ಮಾಡಿಕೊಂಡು ಹಿಂದೆ ನಿಂತಿದ್ದರು. ಅದಕ್ಕೂ ಮೊದಲು ಆಯಿಯ ಜೋಗುಳ. ಕೂಸು ತಾಯಿಯ ಹೆಗಲ ಮೇಲೆ ಗಾಢ ನಿದ್ದೆಯಲ್ಲಿತ್ತು.

"ಹಚ್ಚಲೇನ್ರಿ?" ಅಂದ ಕಾಕಾ.

"ಹಚ್ರಿ! ಊರಿಗೆಲ್ಲಾ ಕೇಳಲಿ!" ಅಂದರು ಬೀಗರು.

ಮುಂದಿನದನ್ನು ನಾನು ಹೇಗೆ ಹೇಳಲಿ? ಗೂಳಿಯೊಂದನ್ನು ತಗಡಿನ ಡಬ್ಬಿಯೊಳಗೆ ಹಾಕಿ ಆ ಡಬ್ಬಿಯನ್ನು ಕಲ್ಲುಮರಡಿಯ ಮೇಲೆ ಉರುಳಿಸಿದರೆ ಬರುವ ಸದ್ದು. ಅದೇ ನಮ್ಮ ಆಯಿ. 'ಜೋ' ಅನ್ನುವುದೊಂದು ಸಿಡಿಲು, ಮುಂದಿನ 'ಜೋ' ಇನ್ನೊಂದು. ಮಾತಿನ ಅಂಚುಗಳೆಲ್ಲ ಕತ್ತರಿಸಿ ಹೋಗಿ ಬರಿಯ ಚೀರಾಟ ಉಳಿದಿತ್ತು. ಬೇವಿನಗಿಡದ ಕಾಗೆಗಳು ಎದ್ದವು, ಕೂರಲಿಲ್ಲ. ಎಮ್ಮೆಯೊಂದು ಗೂಟ ಕಿತ್ತುಕೊಂಡು ಮನಗೂಳಿಯ ದಾರಿ ಹಿಡಿಯಿತು. ಟೆಂಪೊದ ಗಾಜು ಗಲಗಲ ಅಂದಿತು. ಬಸಂತರಾಯರು ಬಾಯಿ ತೆರೆದು ಏನೋ ಕೂಗುತ್ತಿದ್ದರು. ಅವರ ಜೀವನದಲ್ಲಿ ಮೊದಲ ಸಲ ಅವರ ದನಿ ಯಾರಿಗೂ ಕೇಳಿಸಲಿಲ್ಲ. ಕೂಸು ಎದ್ದು, ಮೈಯೆಲ್ಲ ಕೆಂಪಾಗಿ, ಬಾಯಿ ಅಗಲಿಸಿ ಅಳುತ್ತಿತ್ತು; ಅದೂ ಕೇಳಿಸಲಿಲ್ಲ.

ನಾನು ಓಡಿದೆ. ಹೂವಿನ ಕೆಳಗೆ ಎರಡು ಡಬ್ಬಿ ಕಂಡವು. ಯಾವುದರ ಗುಂಡಿ ಯಾವುದು? ಕೈ ಹಾಕುವಷ್ಟರಲ್ಲಿ ಚೀರಾಟ ತಾನೇ ನಿಂತಿತು. ಜೋಗುಳ ಮುಗಿದಿತ್ತು. 'ಬರೂತನಕ' ಏನು ಅನ್ನುವುದು ಆ ಚೀರಾಟದಲ್ಲೇ ಎಲ್ಲೋ ಬಂದು ಎಲ್ಲೋ ಹೋಗಿತ್ತು.

ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ. ಆಯಿ ಹಾಡಿದ ಆ ಮಧ್ಯಾಹ್ನ ಹಾಡು ಮುಗಿದ ಮೇಲೆಯೂ ಕಾಕಾ ನಿಲ್ಲಿಸುವ ಗುಂಡಿ ಹುಡುಕುತ್ತ ಕೂತಿದ್ದನಂತೆ, ಆ ಅಷ್ಟು ಹೊತ್ತೂ ಫೋನು ತುಂಬಿಕೊಳ್ಳುತ್ತಲೇ ಇತ್ತು. ಆಗ ಆಯಿ ಉಸಿರಿನಷ್ಟು ಮೆಲ್ಲಗೆ ಏನೋ ಅಂದಿದ್ದಳು. ಎರಡು ಬೂಸ್ಟರಿಗೂ ಎರಡು ಸಾವಿರ ವಾಟಿಗೂ ಸರಿಹೊಂದುವ ದನಿ ಅಂತ ಜಗತ್ತಿನಲ್ಲಿ ಒಂದಿದ್ದರೆ ಅದು ಆ ಪಿಸುಮಾತು. ಅದು ಬಂತು. ಬಾಗಿಲಿಗಿಂತ ಎತ್ತರದ ಬಾಕ್ಸುಗಳಿಂದ, ಕನ್ನಡಿಯಷ್ಟು ಸ್ವಚ್ಛವಾಗಿ, ಊರಿಗೆಲ್ಲ ಕೇಳುವ ಹಾಗೆ:

"ಆತೇನೊ ಧರೆಪ್ಪಾ? … ಇದನ್ನ ದೊಡ್ಡದು ಮಾಡಿ ಹಚ್ಚಬ್ಯಾಡೊ. ಕೂಸು ಅಂಜತೈತಿ. ಕಿವಿ ಹಂತ್ಯಾಕ ಹಿಡದು ಮೆತ್ತಗ ಕೇಳಸು. … ಯಾರರ ಜೋರ ಹಚ್ಚು ಅಂದ್ರ, ನೀ ಹೌದ್ರಿ ಅನಬ್ಯಾಡ. ತಿಳೀತಿಲ್ಲೊ?"

ಅದರ ಹಿಂದೆಯೇ, ಅಷ್ಟೇ ಸ್ವಚ್ಛವಾಗಿ, ಕಾಕಾನ ದನಿ:

"ಹೂನವ್ವ, ಹೂನವ್ವ."

ಎರಡು ಟೆಂಪೊ ಮಂದಿ, ಒಂದು ಓಣಿ, ಒಬ್ಬ ಕಾಕಾ. ಯಾರೂ ಅಲುಗಾಡಲಿಲ್ಲ. ಕಾಕಾ ಫೋನು ಹಿಡಿದು ನಿಂತಿದ್ದ. ನಿಲ್ಲಿಸಬೇಕು ಅಂತ ಏನೋ ಒತ್ತಿದ, ಮತ್ತೇನೋ ಒತ್ತಿದ. ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು. ನಾನು ಅವನ ಭುಜದ ಮೇಲಿಂದ ನೋಡಿದೆ. ಅಳಿಸಿ ಹಾಕಲೇ ಅಂತ ಕೇಳುತ್ತಿತ್ತು.

"ಕಾಕಾ, ಬ್ಯಾಡ—"

ಯಾರು ಏನು ಕೇಳಿದರೂ ಕಾಕಾನಿಗೆ ಬರುವ ಉತ್ತರ ಒಂದೇ. ಹೌದು ಅನ್ನುವ ಗುಂಡಿಯನ್ನು ಒತ್ತಿದ.

ಆಮೇಲೆ ಆದದ್ದೆಲ್ಲ ಸಾವಿನ ಮನೆಯಲ್ಲಿ ಆದ ತೊಟ್ಟಿಲಿನಂತೆ ಆಯಿತು. ಸೋದರತ್ತೆ ಅಳುವ ಕೂಸಿನ ಕಿವಿಗೆ ಬಾಗಿ, "ಈ ಕೂಸಿಗೆ ಕಿವಿ ಉಳದಾವೇನವಾ?" ಅನ್ನುತ್ತಲೇ 'ಕುರ್ರ್' ಅಂದು ಸುಮೇಧಾ ಅಂತ ಹೆಸರು ಹೇಳಿದಳು. ಹೆಂಗಸರು ಮುಷ್ಟಿ ಎತ್ತಿದರು, ಗುದ್ದಲು ಮನಸ್ಸಾಗದೆ ಬೆನ್ನು ಸವರಿ ಬಿಟ್ಟರು. ಪ್ರೇಮಕುಮಾರ ಫೋನನ್ನು ತಿರುವಿ ತಿರುವಿ ನೋಡಿ ಇಲ್ಲ ಅಂತ ತಲೆಯಾಡಿಸಿದ. ಅದನ್ನು ಹೊತ್ತು ಸಿಂದಗಿಗೂ ಹೋಗಿ ಬಂದ; ಅಳಿಸಿದ್ದು ತಿರುಗಿ ಬರುವುದಿಲ್ಲ ಅಂದ ಇಜಾಜ ಈ ಸಲ ನಗಲಿಲ್ಲ, ಭಾಷಣವನ್ನೂ ಮಾಡಲಿಲ್ಲವಂತೆ. ಬಸಂತರಾಯರು ಹೋಳಿಗೆಯನ್ನು ಮೆಲ್ಲಗೆ ತಿಂದು, ಮೆಲ್ಲಗೆ ಕೈ ತೊಳೆದು, "ಬರ್ತೇವ್ರಿ" ಅಂತ ಪ್ರೇಮಕುಮಾರನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದು ಟೆಂಪೊ ಹತ್ತಿದರು.

ಕೂಸು ಮಾತ್ರ ಅತ್ತೇ ಅತ್ತಿತು. ಕಾಕಿ ತೂಗಿದಳು, ನಾನು ತೂಗಿದೆ. ಕೊನೆಗೆ ಗೊತ್ತಾಯಿತು: ಯಾರೂ ಆರಿಸದೆ ಬಿಟ್ಟಿದ್ದ ಡಿಜೆ ಮಷಿನ್ನು ಫೋನಿನ ಪಿನ್ನು ಕಿತ್ತ ಮೇಲೂ "ಹೂಂಂಂ" ಅನ್ನುತ್ತಿತ್ತು, ಬಾಕ್ಸಿನ ಹತ್ತಿರ ಹಿಡಿದರೆ ಕೂಸು ಸುಮ್ಮನಾಗಿ ಕಣ್ಣು ಮುಚ್ಚುತ್ತಿತ್ತು. ತೊಟ್ಟಿಲನ್ನು ಬಾಕ್ಸಿನ ಪಕ್ಕಕ್ಕೆ ತಂದೆವು. ವಿಜಯಶ್ರೀ ಅಪ್ಪನ ಮುಖ ನೋಡದೆ ತೂಗುತ್ತ ಕೂತಳು. ಕಾಕಾ ಗೋಡೆಗೆ ಒರಗಿ, ಖಾಲಿ ಫೋನನ್ನು ಎರಡೂ ಕೈಯಲ್ಲಿ, ತುಂಬಿದ ಬಟ್ಟಲಿನ ಹಾಗೆ ಹಿಡಿದು ಕೂತಿದ್ದ.

"ಕಡೀಗೆ ಬರೇ ಹೂಂ ಅನ್ನೂದೊಂದ ಉಳೀತಲ್ಲಪ್ಪಾ," ಅಂದಳು ವಿಜಯಶ್ರೀ. ಬೈದದ್ದಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಮುದ್ದೇಬಿಹಾಳದವನು ಮಷಿನ್ನು ಒಯ್ಯಲು ಬಂದ. "ಮಸ್ತ್ ನಡೀತೇನ್ರಿ, ಕಾಕಾ? ಊರಿಗೆಲ್ಲಾ ಕೇಳಿಸ್ತೇನ?" ಅಂದ. ಕಾಕಾನ ತುಟಿ 'ಹೌ' ಅನ್ನುವ ಆಕಾರಕ್ಕೆ ಬಂದು ಅಲ್ಲೇ ನಿಂತಿತು. ಮುದ್ದೇಬಿಹಾಳದವನು ಹೆಗಲು ಕುಣಿಸಿ ವೈರು ಕಿತ್ತ.

ಹೂಂಕಾರ ನಿಂತಿತು. ಕೂಸು ಎದ್ದಿತು. ಯಾವ ಮಷಿನ್ನೂ ಬೂಸ್ಟರೂ ಇಲ್ಲದೆ ಅದರ ಅಳು ನೀರಿನ ಟಾಕಿಯವರೆಗೂ ಕೇಳಿಸಿತು.

ಕಾಕಾ ಎದ್ದ. ತೊಟ್ಟಿಲ ಹತ್ತಿರ ಮೊಣಕಾಲೂರಿ, ಎಲೆಯಡಿಕೆಯ ಬಾಯಿಯನ್ನು ಮೊಮ್ಮಗಳ ಕಿವಿಗೆ ತಂದು, ಒರಟು ದನಿಯಲ್ಲಿ, ಬಹಳ ಮೆಲ್ಲಗೆ ಶುರು ಮಾಡಿದ. "ಜೋ ಜೋ ಜೋಳದ ತೆನಿಯವ್ವ, ಕಣ್ಣ ಮುಚ್ಚ. ನಿನ್ನಜ್ಜ ನೀರ ಬಿಡಾಕ ಹೋಗ್ಯಾನ, ಬರೂತನಕ…"

ಬರೂತನಕ. ಅದರ ಮುಂದೆ ಅವನಿಗೂ ಇರಲಿಲ್ಲ, ಯಾರಿಗೂ ಇರಲಿಲ್ಲ. ಉಳಿದ ಹಾಡಿನಷ್ಟು ಹೊತ್ತೂ "ಹೂಂ, ಹೂಂ, ಹೂಂ" ಅಂದ. ಮತ್ತೆ ಮೊದಲಿನಿಂದ ಶುರು ಮಾಡಿದ.

ಹೊಸ್ತಿಲಲ್ಲಿ ಕೂತಿದ್ದ ಮರೆವ್ವ ಕಿವಿಗೆ ಅಂಗೈ ಹಚ್ಚಿಕೊಂಡು, "ಏನಾಡಾಕತ್ತೀಯೊ, ಕೇಳವಲ್ದು. ಒಂಚೂರು ಜೋರ ಅನ್ನೊ, ಧರೆಪ್ಪಾ," ಅಂದಳು.

"ಇಲ್ಲ," ಅಂದ ಕಾಕಾ. ಅದನ್ನೂ ಎಷ್ಟು ಮೆಲ್ಲಗೆ ಅಂದನೆಂದರೆ, ಮರೆವ್ವನಿಗೆ ಕೇಳಿಸಲೇ ಇಲ್ಲ.